ಹಳೆಯ ಬೇಸ್ ಗಿಟಾರ್ ಕೊಳ್ಳುವ ಮುನ್ನ ನೆಕ್ ಬಿಚ್ಚಿಸಿ ನೋಡಿ

ಅರವತ್ತರ ದಶಕದ ಬೇಸ್ ಗಿಟಾರಿನ ನಾದ ಇಂದಿನ ವಾದ್ಯಗಳಿಗೆ ಬರುವುದೇ ಇಲ್ಲ ಎಂಬ ಮಾತನ್ನು ಪೂರ್ತಿ ನಂಬಿದ್ದ ನಾನು, ಹಲವು ವರ್ಷಗಳ ಉಳಿತಾಯವನ್ನು ಸುರಿದು, ಫೆಂಡರ್ ಕಂಪನಿಯ 1966ರ ಪ್ರೆಸಿಷನ್ ಮಾದರಿ ಎಂದು ಹೇಳಿ ಮಾರಿದ ವಾದ್ಯವೊಂದನ್ನು ಕೊಂಡೆ. ಅದರಿಂದ ನನಗಾದ ನಷ್ಟ ಇನ್ನೊಬ್ಬರಿಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನುಡಿಸಿ ನೋಡಿದಾಗ ಮೊದಲ ಸ್ವರಕ್ಕೇ ಮನಸೋತೆ. ನೆಕ್ ಎಂದರೆ ತಂತಿಗಳ ಕೆಳಗಿನ ಉದ್ದನೆಯ ಮರದ ಕೈ; ಅದರ ಬಾಗು ತಿದ್ದಲು ಒಳಗಿರುವ ಲೋಹದ ಸರಳು, ಟ್ರಸ್ ರಾಡ್, ಇನ್ನೂ ತಿರುಗುತ್ತದೆಯೇ ಎಂದು ಕೇಳಿದೆ. ಆ ಕಾಲದ ಪ್ರೆಸಿಷನ್‌ನಲ್ಲಿ ಅದನ್ನು ತಿರುಗಿಸುವ ನಟ್ ಇರುವುದು ನೆಕ್‌ನ ಬುಡದಲ್ಲಿ, ಗಿಟಾರಿನ ಒಡಲಿಗೆ ಸೇರುವ ಕಡೆ. ಸರಿಯಾಗಿ ನೋಡಬೇಕಾದರೆ ನೆಕ್ ಬಿಚ್ಚಬೇಕು. “ಇಷ್ಟು ಹಳೆಯ ವಾದ್ಯ, ಸುಮ್ಮನೆ ಬಿಚ್ಚುವುದು ಬೇಡ” ಎಂದರು ಮಾರುವವರು. ಅದು ವಾದ್ಯದ ಮೇಲಿನ ಕಾಳಜಿಯಂತೆ ಕೇಳಿಸಿದ್ದರಿಂದ ಒಪ್ಪಿಕೊಂಡೆ. ನಾನು ಮಾಡಿದ ದೊಡ್ಡ ತಪ್ಪು ಅದೇ.

ತಿಂಗಳು ಕಳೆಯುವುದರೊಳಗೆ ನೆಕ್ ಬಾಗಿ, ತಂತಿಗಳು ಅದರ ಮೇಲಿನ ಲೋಹದ ಪಟ್ಟಿಗಳಿಂದ, ಅಂದರೆ ಫ್ರೆಟ್‌ಗಳಿಂದ, ಮೇಲೇಳತೊಡಗಿದವು. ರಿಪೇರಿ ಮಾಡುವವರು ನಾಲ್ಕು ಸ್ಕ್ರೂ ಬಿಚ್ಚಿ ನೋಡಿದರೆ ನಟ್ ಕೊನೆಯವರೆಗೂ ಬಿಗಿದು ಕೂತಿತ್ತು. ಸ್ಕ್ರೂಡ್ರೈವರ್ ಜಾರಿ ಜಾರಿ ಅದರ ಸೀಳು ಸವೆದೇ ಹೋಗಿತ್ತು. ಬುಡದಲ್ಲಿರಬೇಕಾದ ದಿನಾಂಕದ ಮುದ್ರೆಯನ್ನು ಯಾರೋ ಉಜ್ಜಿ ತೆಗೆದಿದ್ದರು. ಒಡಲಿನ ಮುಂಭಾಗಕ್ಕೆ ಹೊದಿಸಿದ ಹಲಗೆಯಾದ ಪಿಕ್‌ಗಾರ್ಡ್ ಕೆಳಗೆ, ಸದ್ದು ಹೆಚ್ಚು ಕಡಿಮೆ ಮಾಡುವ ಬಿಡಿಭಾಗವಾದ ವಾಲ್ಯೂಮ್ ಪಾಟ್‌ನ ಬೆನ್ನ ಮೇಲೆ 1377633 ಎಂದಿತ್ತು: 137 ಎಂಬುದು ಅದನ್ನು ತಯಾರಿಸಿದ ಸಿಟಿಎಸ್ ಕಂಪನಿಯ ಗುರುತು, ಮಿಕ್ಕಿದ್ದು 1976ರ 33ನೆಯ ವಾರ. ಪಾಟ್ ಒಂದನ್ನೇ ಎಂದೋ ಬದಲಿಸಿದ್ದಿರಬಹುದು ಎಂದುಕೊಂಡರೂ, ನೆಕ್ ಕೂರುವ ಗುಳಿಯ ಮೂಲೆಯಲ್ಲಿ ಮೇಲಿನ ಬಣ್ಣದಡಿ ಇನ್ನೊಂದು ಬಣ್ಣ ಇಣುಕುತ್ತಿತ್ತು. ನನಗೆ ಹೇಳಿದ್ದು ಮೂಲ ಬಣ್ಣವೆಂದು, ತೆಗೆದುಕೊಂಡದ್ದು ಆ ಬೆಲೆ. ಮರುಬಣ್ಣ ಕಂಡ ವಾದ್ಯಕ್ಕೆ ಸಂಗ್ರಹಕಾರರು ಅದಕ್ಕಿಂತ ಬಹಳ ಕಡಿಮೆ ಕೊಡುತ್ತಾರೆ.

ಹಣಕ್ಕಿಂತ ಹೆಚ್ಚು ನೋಯಿಸಿದ್ದು ಬೇರೆ. ನಾನು ಮನಸೋತಿದ್ದ ಆ ದುಂಡನೆಯ, ತುಸು ಮಬ್ಬಾದ ನಾದ ಹೊಮ್ಮುತ್ತಿದ್ದುದು ಬಹುಪಾಲು ಅದರಲ್ಲಿದ್ದ ಹಳೆಯ ಫ್ಲಾಟ್‌ವೌಂಡ್ ತಂತಿಗಳಿಂದ, ಅಂದರೆ ಚಪ್ಪಟೆ ಲೋಹದ ಪಟ್ಟಿ ಸುತ್ತಿದ ನುಣುಪು ತಂತಿಗಳಿಂದ. ಧ್ವನಿಮುದ್ರಿಸಿಟ್ಟುಕೊಂಡು, ಅವೇ ತಂತಿಗಳನ್ನು ನನ್ನ ಹೊಸ ಬೇಸ್‌ಗೆ ಹಾಕಿ ಮತ್ತೆ ಮುದ್ರಿಸಿ, ಯಾವುದು ಯಾವುದೆಂದು ಹೇಳದೆ ಕೇಳಿಸುವಂತೆ ಗೆಳೆಯರೊಬ್ಬರಿಗೆ ಒಪ್ಪಿಸಿದೆ. ಹಲವು ಸಲ ಹೊಸದನ್ನೇ ಹಳೆಯದೆಂದು ಗುರುತಿಸಿದೆ. ಅಮೆರಿಕದ ಮೋಟೌನ್ ಧ್ವನಿಮುದ್ರಣಗಳ ಹೆಸರಾಂತ ಬೇಸ್ ವಾದಕ ಜೇಮ್ಸ್ ಜೇಮರ್ಸನ್ 1962ರ ಪ್ರೆಸಿಷನ್ ನುಡಿಸಿದರೆಂಬುದನ್ನು ನಾವೆಲ್ಲ ನೆನಪಿಟ್ಟುಕೊಂಡಿದ್ದೇವೆ. ಅದರ ದಪ್ಪ ಫ್ಲಾಟ್‌ವೌಂಡ್ ತಂತಿಗಳನ್ನು ಅವರು ಬದಲಿಸುತ್ತಲೇ ಇರಲಿಲ್ಲ ಎಂಬುದನ್ನು ಮರೆಯುತ್ತೇವೆ.

ಹಳೆಯ ಬೇಸ್‌ಗಳಲ್ಲಿ ಅದ್ಭುತವಾದವು ಖಂಡಿತ ಇವೆ. ಆದರೆ ಜನ ಜೋಪಾನ ಮಾಡಿ ಉಳಿಸಿಕೊಂಡದ್ದು ಚೆನ್ನಾಗಿದ್ದವನ್ನು, ಕೆಟ್ಟವು ಮೂಲೆ ಸೇರಿದವು. ಈಗ ಬೆಲೆ ಏರಿದ ಮೇಲೆ ಅಂಥವೂ ಮೂಲೆಯಿಂದ ಹೊರಬರುತ್ತಿವೆ. ಆದ್ದರಿಂದ ಹಣ ಕೊಡುವ ಮೊದಲು ನಿಮಗೆ ಗೊತ್ತಿರುವ ರಿಪೇರಿಯವರನ್ನು ಜೊತೆಗೆ ಕರೆದೊಯ್ಯಿರಿ, ನಿಮ್ಮ ಕಣ್ಣೆದುರೇ ನೆಕ್ ಮತ್ತು ಪಿಕ್‌ಗಾರ್ಡ್ ಬಿಚ್ಚಿಸಿ, ಮೂಲದ್ದು ಯಾವುದು, ಬದಲಾದದ್ದು ಯಾವುದು ಎಂದು ಬರೆಸಿಕೊಳ್ಳಿ. ನಾನು ಬರೆಸಿಕೊಂಡಿರಲಿಲ್ಲ, ವಾದ್ಯವನ್ನು ಹಿಂದಿರುಗಿಸಲು ಹೋದಾಗ ಮಾರಿದವರು ಮೊದಲು ಕೇಳಿದ್ದೇ ಆ ಕಾಗದವನ್ನು.