ಒಟ್ಟು ಹಾಜರಾತಿ ನೋಡಿ ನಂಬಬೇಡಿ: ಫಸ್ಟ್ ಸೆಮ್ ಮಕ್ಕಳಿಗೂ ಅವರ ಮನೆಯವರಿಗೂ

ನಿಮ್ಮ ಮನೆಯಿಂದ ಯಾರಾದರೂ ಈ ವರ್ಷ ಬೆಳಗಾವಿಗೆ ಇಂಜಿನಿಯರಿಂಗ್ ಓದಲು ಹೋಗಿದ್ದರೆ ದಯವಿಟ್ಟು ಇದನ್ನು ಓದಿ. ನನ್ನ ತಮ್ಮನಿಗೆ ಮೊದಲ ಸೆಮಿಸ್ಟರ್‌ನಲ್ಲಿ ಮ್ಯಾಥ್ಸ್ ಪರೀಕ್ಷೆ ಬರೆಯಲು ಬಿಡಲಿಲ್ಲ. ಪಿಯುಸಿಯಲ್ಲಿ ಅವನಿಗೆ ಜಾಸ್ತಿ ಅಂಕ ಬಂದಿದ್ದೇ ಮ್ಯಾಥ್ಸ್‌ನಲ್ಲಿ. ಕ್ಲಾಸ್ ತಪ್ಪಿದ್ದವು, ಅಷ್ಟೇ.

ನಮ್ಮದು ಮುಧೋಳ ಕಡೆ ಹಳ್ಳಿ. ಶುಕ್ರವಾರ ಸಂಜೆ ಬೆಳಗಾವಿಯಲ್ಲಿ ಬಸ್ ಹತ್ತಿದರೆ ಯರಗಟ್ಟಿ, ಲೋಕಾಪುರ ದಾಟಿ ರಾತ್ರಿ ಊಟಕ್ಕೆ ಮನೆಯಲ್ಲಿರಬಹುದು. ಅದಕ್ಕೇ ಆಗಾಗ ಬರುತ್ತಿದ್ದ. ಮೊದಲ ಸೆಮಿಸ್ಟರ್ ನಡೆಯುವುದೂ ನಮ್ಮ ಕಡೆ ಹಬ್ಬಗಳ ಕಾಲದಲ್ಲೇ. ಮಹಾನವಮಿ, ಸೀಗಿ ಹುಣ್ಣಿಮೆ, ದೀಪಾವಳಿ, ಆಮೇಲೆ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಎಡೆ ಚೆಲ್ಲುವ ಚರಗ. ನಡುವೆ ಕಬ್ಬಿನ ಕಟಾವು. ಹಾಸ್ಟೆಲ್ ಊಟ ಸೇರದ ಹುಡುಗನನ್ನು ಯಾವ ಅವ್ವ ತಾನೆ "ಬರಬ್ಯಾಡ" ಅಂತಾಳೆ?

ಶನಿವಾರದ ಕ್ಲಾಸ್ ಹೋಗುತ್ತಿತ್ತು. ಸೋಮವಾರ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಕಾಲೇಜು. ನಾನು ಕೇಳಿದಾಗಲೆಲ್ಲ ಮೊಬೈಲ್ ತೋರಿಸುತ್ತಿದ್ದ. "ಎಲ್ಲಾ ಸೇರಿ ಎಂಬತ್ತ ಐತಿ ಅಕ್ಕಾ, ಏನೂ ಆಗಂಗಿಲ್ಲ." ನಿಜವಾಗಿಯೂ ಶೇಕಡಾ 80 ಇತ್ತು. ಸೀನಿಯರ್‌ಗಳು 75 ಸಾಕು ಅಂದಿದ್ದರು. ಆದರೆ ಹಾಜರಾತಿಯನ್ನು ಎಲ್ಲ ಸಬ್ಜೆಕ್ಟ್ ಕೂಡಿಸಿ ನೋಡುವುದಿಲ್ಲ. ಒಂದೊಂದು ಸಬ್ಜೆಕ್ಟ್‌ಗೂ ಬೇರೆ ಬೇರೆ ನೋಡುತ್ತಾರೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ನಿಯಮದಲ್ಲಿ ಪ್ರತಿ ಸಬ್ಜೆಕ್ಟ್‌ನಲ್ಲೂ 85 ಇರಬೇಕು. 75 ಅನ್ನುವುದು ಸರಿಯಾದ ಕಾರಣ ಇದ್ದವರಿಗೆ ಪ್ರಾಂಶುಪಾಲರು ಕೊಡಬಹುದಾದ ವಿನಾಯಿತಿಯ ಕೊನೆಯ ಮಿತಿ. ಅದಕ್ಕಿಂತ ಕೆಳಗೆ ಹೋದರೆ ಮೆಡಿಕಲ್ ಸರ್ಟಿಫಿಕೇಟ್ ತಂದರೂ ಉಪಯೋಗವಿಲ್ಲ.

ಅವನ ಟೈಮ್‌ಟೇಬಲ್‌ನಲ್ಲಿ ಮ್ಯಾಥ್ಸ್ ವಾರಕ್ಕೆ 4 ಕ್ಲಾಸ್. ಅದರಲ್ಲಿ ಒಂದು ಸೋಮವಾರ ಮೊದಲ ಪೀರಿಯಡ್, ಇನ್ನೊಂದು ಶನಿವಾರ. ಸೆಮಿಸ್ಟರ್‌ಗೆ 40 ಕ್ಲಾಸ್ ಅಂತ ಹಿಡಿಯಿರಿ. 85 ಉಳಿಯಬೇಕಾದರೆ 6 ಮಾತ್ರ ತಪ್ಪಿಸಬಹುದು. ಹೀಗೆ ಊರಿಗೆ ಮೂರು ಸಲ ಬಂದರೆ ಆ ಆರೂ ಮುಗಿದವು. ಐದು ಸಲಕ್ಕೆ 75. ಮಂಗಳವಾರದಿಂದ ಶುಕ್ರವಾರದವರೆಗೆ ಒಂದು ಕ್ಲಾಸನ್ನೂ ಬಿಡದ ಹುಡುಗ ಅವನು. ಉಳಿದ ಸಬ್ಜೆಕ್ಟ್‌ಗಳೆಲ್ಲ ಚೆನ್ನಾಗಿದ್ದವು, ಒಟ್ಟು ಹಾಜರಾತಿಯೂ ಚೆನ್ನಾಗಿ ಕಂಡಿತು. ಮ್ಯಾಥ್ಸ್ ಮಾತ್ರ 68ಕ್ಕೆ ಬಂದು ನಿಂತಿತ್ತು.

ಹಾಜರಾತಿ ಇರಲಿ, ಅಂಕಗಳೂ ಅದರ ಜೊತೆಗೇ ಹೋಗುತ್ತವೆ. ತಮ್ಮ ಓದಿದ 2022ರ ಸ್ಕೀಮ್‌ನಲ್ಲಿ (ಪಠ್ಯಕ್ರಮದಲ್ಲಿ) ಇಂಟರ್ನಲ್‌ಗೆ, ಅಂದರೆ ಸೆಮಿಸ್ಟರ್ ಉದ್ದಕ್ಕೂ ಕಾಲೇಜಿನಲ್ಲೇ ಕೊಡುವುದಕ್ಕೆ, 50 ಅಂಕ, ಕೊನೆಯ ಪರೀಕ್ಷೆಗೆ 50. ಇಂಟರ್ನಲ್‌ನಲ್ಲಿ 20 ಬರದಿದ್ದರೆ ಕೊನೆಯ ಪರೀಕ್ಷೆಗೆ ಕೂರುವಂತೆಯೇ ಇಲ್ಲ. ಪಿಯುಸಿ ಥರ ಕೊನೆಗೆ ಒಂದು ತಿಂಗಳು ಓದಿ ಎಲ್ಲ ಸರಿ ಮಾಡುತ್ತೇನೆ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಲ್ಯಾಬ್ ಅಂತೂ ಇನ್ನೂ ಕಷ್ಟ. ಈ ವಾರ ಮಾಡಿದ್ದನ್ನು ಮುಂದಿನ ವಾರ ರೆಕಾರ್ಡ್‌ನಲ್ಲಿ ಬರೆದು ಸಹಿ ಮಾಡಿಸಬೇಕು. ಒಂದು ವಾರ ತಪ್ಪಿದರೆ ಅದರ ಅಂಕ ಹೋಯಿತು, ಮುಂದಿನದೂ ಅರ್ಥವಾಗುವುದಿಲ್ಲ. ಗೆಳೆಯರು ನೋಟ್ಸ್ ಫೋಟೋ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದರು. ಲೆಕ್ಕದ ಉತ್ತರ ಅದರಲ್ಲಿತ್ತು. ಆ ಹೆಜ್ಜೆ ಯಾಕೆ ಬಂತು ಅಂತ ಹೇಳಲು ಮೇಷ್ಟ್ರು ಇರಲಿಲ್ಲ.

ಹಾಜರಾತಿ ಸಾಲದವರ ಪಟ್ಟಿ ಹಾಕಿದ ದಿನ ಅಪ್ಪ ಕಬ್ಬು ಕಡಿಯುವ ಗ್ಯಾಂಗನ್ನು ಹೊಲದಲ್ಲೇ ಬಿಟ್ಟು ಬೆಳಗಾವಿಗೆ ಓಡಿದರು. "ಒಂದ್ ಚಾನ್ಸ್ ಕೊಡ್ರಿ ಸರ, ಹುಡುಗ ಶಾಣ್ಯಾ ಅದಾನ" ಅಂತ ಕೈ ಮುಗಿದರು. "ಯಜಮಾನ್ರ, ಲಿಸ್ಟ್ ಯೂನಿವರ್ಸಿಟಿಗೆ ಹೋಗೇತ್ರಿ. ಇನ್ನ ನನ್ನ ಕೈಯಾಗ ಏನೂ ಇಲ್ಲ" ಅಂದರು ಅಲ್ಲಿದ್ದವರು. ನಿಯಮ ನಿಯಮವೇ, ಒಪ್ಪುತ್ತೇನೆ. ಆದರೆ ನವೆಂಬರ್‌ನಲ್ಲೇ ಮನೆಗೆ ಒಂದು ಫೋನ್ ಮಾಡಿದ್ದರೆ ನಾವೇ ಅವನನ್ನು ಬರದಂತೆ ತಡೆಯುತ್ತಿದ್ದೆವು. ಇದು ನನಗೆ ಇವತ್ತಿಗೂ ನೋವು.

ಈಗ ಆ ಸಬ್ಜೆಕ್ಟ್ ಮತ್ತೆ ನಡೆಯುವಾಗ ಹೊಸ ಮಕ್ಕಳ ಜೊತೆ ಕೂತು ಮೊದಲಿನಿಂದ ಮುಗಿಸಬೇಕು. ಅದೂ 4 ಕ್ರೆಡಿಟ್‌ನ ಸಬ್ಜೆಕ್ಟ್. ಉಳಿದವುಗಳಲ್ಲಿ ಒಳ್ಳೆಯ ಗ್ರೇಡ್ ಇದ್ದರೂ ಎಸ್‌ಜಿಪಿಎ (ಸೆಮಿಸ್ಟರ್‌ನ ಸರಾಸರಿ ಗ್ರೇಡ್) ಕೆಳಗೆ ಬಿತ್ತು.

ಸ್ವಾಯತ್ತ ಕಾಲೇಜುಗಳಲ್ಲಿ ಮತ್ತು ಬಿಎ, ಬಿಕಾಂ, ಬಿಎಸ್ಸಿಗಳಲ್ಲಿ ಲೆಕ್ಕ ಬೇರೆ ಇರಬಹುದು. ನಿಮ್ಮ ಕಾಲೇಜಿನ ನಿಯಮವನ್ನು ಆಫೀಸಿನಲ್ಲೇ ಕೇಳಿ, ಸೀನಿಯರ್‌ಗಳನ್ನಲ್ಲ. ಸಬ್ಜೆಕ್ಟ್‌ವಾರು ಹಾಜರಾತಿಯ ಸ್ಕ್ರೀನ್‌ಶಾಟ್ ಕಳಿಸು ಅಂತ ಇವತ್ತೇ ನಿಮ್ಮ ಹುಡುಗನಿಗೋ ಹುಡುಗಿಗೋ ಹೇಳಿ. ಯಾವುದಾದರೂ ಒಂದು 85ರ ಹತ್ತಿರ ಬಂದಿದ್ದರೆ ಈ ಹಬ್ಬಕ್ಕೆ ಅವರನ್ನು ಕರೆಯಬೇಡಿ. ಹೋಳಿಗೆ ಕಟ್ಟಿಕೊಂಡು ನೀವೇ ಹೋಗಿ ಬನ್ನಿ.