ಕ್ರಾಕೋವ್‌ನಲ್ಲಿ ಅಪಾರ್ಟ್‌ಮೆಂಟ್ ಹೋಟೆಲ್ ಬುಕ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಪೋಲೆಂಡಿನ ಕ್ರಾಕೋವ್‌ಗೆ ಹೋಗುವವರಿದ್ದರೆ, ಅದರಲ್ಲೂ ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿದ್ದರೆ, ಹಳೇ ಊರಿನೊಳಗಿನ ಅಪಾರ್ಟ್‌ಮೆಂಟ್ ಹೋಟೆಲ್‌ಗಳ ವಿಷಯದಲ್ಲಿ ಸ್ವಲ್ಪ ಹುಷಾರಾಗಿರಿ. ಫೋಟೋಗಳಲ್ಲಿ ಸುಳ್ಳೇನೂ ಇರಲಿಲ್ಲ. ನಾವಿದ್ದ ಜಾಗ ನಿಜಕ್ಕೂ ಚೆನ್ನಾಗಿತ್ತು. ಎತ್ತರದ ಚಾವಣಿ, ಮರದ ನೆಲ, ಮೊಳದಗಲದ ಗೋಡೆ, ಕಿಟಕಿ ತೆರೆದರೆ ಕೆಂಪು ಹೆಂಚಿನ ಮಾಡುಗಳು. ಆದರೆ ಅಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ರಿಸೆಪ್ಷನ್ ಇಲ್ಲ, ವಾಚ್‌ಮನ್ ಇಲ್ಲ. ಬಾಗಿಲಿಗೊಂದು ಕೋಡ್, ವಾಟ್ಸಾಪ್‌ಗೊಂದು ನಂಬರ್, ಅಷ್ಟೇ. ಎಲ್ಲ ಸರಿಯಿದ್ದಾಗ ಇದೇನೂ ದೊಡ್ಡ ವಿಷಯ ಅನ್ನಿಸುವುದಿಲ್ಲ.

ವಾರ್ಸಾದಿಂದ ರೈಲಿನಲ್ಲಿ ಬಂದಿಳಿದಾಗ ರಾತ್ರಿ ಹತ್ತು ಗಂಟೆ ಹತ್ತಿರ. ಹಳೇ ಊರಿನ ಹೆಚ್ಚಿನ ಬೀದಿಗಳಲ್ಲಿ ಓಡಾಟವೆಲ್ಲ ನಡೆದೇ, ಹಾಗಾಗಿ ಪ್ಲಾಂಟಿ ಅನ್ನೋ ಉದ್ಯಾನದ ಅಂಚಿನಿಂದ ಕಲ್ಲುಹಾಸಿನ ಮೇಲೆ ಸೂಟ್‌ಕೇಸ್ ಎಳೆದುಕೊಂಡು ಹೋದೆವು. ಬೀದಿ ಬಾಗಿಲು ಕೋಡ್ ಒತ್ತಿದ ಕೂಡಲೇ ತೆರೆಯಿತು. ಮನೆ ಬಾಗಿಲಿನ ಕೋಡ್ ಮಾತ್ರ ಬಂದಿರಲಿಲ್ಲ. ಕೇಳಿದರೆ, ‘ಡೆಪಾಸಿಟ್ ಕಟ್ಟಿದ ಮೇಲೆ ತಾನಾಗಿ ಬರುತ್ತದೆ’ ಅಂತ ಒಂದು ಲಿಂಕ್. 500 ಝ್ವಾಟಿ (ಪೋಲೆಂಡಿನ ಹಣ) ಕಟ್ಟಬೇಕು. ಬುಕ್ ಮಾಡುವಾಗ ಡೆಪಾಸಿಟ್ ಉಂಟು ಅಂತ ಇತ್ತು, ಬಾಗಿಲಲ್ಲಿ ನಿಂತು ಕಾರ್ಡಿನಲ್ಲೇ ಕಟ್ಟಬೇಕು ಅಂತ ಇರಲಿಲ್ಲ.

ನಮ್ಮ ಕಾರ್ಡ್ ಹಾಕಿದರೆ ಓಟಿಪಿ ಬರಬೇಕಲ್ಲ? ಅದು ಹೋಗುವುದು ಭಾರತದ ನಂಬರಿಗೆ. ನನ್ನ ರೋಮಿಂಗ್ ಪ್ಯಾಕಿನಲ್ಲಿ ಡೇಟಾ ಚೆನ್ನಾಗಿ ಓಡುತ್ತಿತ್ತು, ಎಸ್ಸೆಮ್ಮೆಸ್ ಒಂದೂ ಬರಲಿಲ್ಲ. ನಗದು ಕೊಡುತ್ತೇವೆ ಅಂದರೆ ತೆಗೆದುಕೊಳ್ಳಲು ಯಾರಿದ್ದಾರೆ? ಅಮ್ಮ ಮೆಟ್ಟಿಲ ಮೇಲೆ ಸೂಟ್‌ಕೇಸಿಗೆ ಒರಗಿ ಕೂತುಬಿಟ್ಟರು. ಬೆಂಗಳೂರಿನಲ್ಲಿ ಆಗ ರಾತ್ರಿ ಒಂದೂವರೆ. ತಮ್ಮನನ್ನು ಎಬ್ಬಿಸಿ, ಲಿಂಕ್ ಕಳಿಸಿ, ಅವನ ಕಾರ್ಡಿನಿಂದ ಕಟ್ಟಿಸಿದ ಮೇಲೆ ಬಾಗಿಲು ತೆರೆಯಿತು. ಆ ಪೇಜಿನಲ್ಲಿ ರೂಪಾಯಿಯಲ್ಲೇ ಕಟ್ಟಬಹುದು ಅಂತ ಒಂದು ಆಯ್ಕೆಯೂ ಇತ್ತಂತೆ, ಪುಣ್ಯಕ್ಕೆ ಅವನು ಅದನ್ನು ಒತ್ತಲಿಲ್ಲ. ಅಂಗಡಿಯಾಗಲಿ ಎಟಿಎಮ್ಮಾಗಲಿ, ಇಂಥದ್ದು ಕೇಳಿದರೆ ಯಾವಾಗಲೂ ಝ್ವಾಟಿಯನ್ನೇ ಆರಿಸಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರು ಹೇಳಿದ್ದೇ, ಅದು ಸಾಮಾನ್ಯವಾಗಿ ದುಬಾರಿ.

ಮೂರನೇ ಮಹಡಿ, ಲಿಫ್ಟ್ ಇಲ್ಲ ಅಂತ ಮೊದಲೇ ಬರೆದಿದ್ದರು. ಆದರೆ ಹಳೇ ಕಟ್ಟಡದ ಮೂರು ಮಹಡಿ ಅಂದರೆ ನಮ್ಮ ಅಪಾರ್ಟ್‌ಮೆಂಟಿನ ಮೂರು ಮಹಡಿ ಅಲ್ಲ. ಚಾವಣಿ ಎತ್ತರವಾದಷ್ಟೂ ಮೆಟ್ಟಿಲು ಜಾಸ್ತಿ. ಮಂಡಿನೋವು ಇರುವವರಿದ್ದರೆ ಮಹಡಿ ಎಷ್ಟು ಅಂತ ಕೇಳಬೇಡಿ, ಮೆಟ್ಟಿಲು ಎಷ್ಟು ಅಂತ ಕೇಳಿ.

ಇನ್ನು ಗಲಾಟೆಯ ಕಥೆ. ‘ಕಿಟಕಿ ಒಳಗಿನ ಅಂಗಳದ ಕಡೆಗೆ, ತುಂಬಾ ಪ್ರಶಾಂತ’ ಅಂತ ಬರೆದಿದ್ದರು. ಕ್ರಾಕೋವ್‌ನ ಹಳೇ ಬೀದಿಗಳ ಮಟ್ಟ ಶತಮಾನಗಳಲ್ಲಿ ಏರುತ್ತಾ ಬಂದಿದೆ, ಒಂದು ಕಾಲದ ಎಷ್ಟೋ ನೆಲಮಹಡಿಗಳು ಈಗ ನೆಲಮಾಳಿಗೆ. ಇಟ್ಟಿಗೆ ಕಮಾನುಗಳ ಆ ನೆಲಮಾಳಿಗೆಗಳಲ್ಲಿ ಈಗ ಬಾರು, ಕ್ಲಬ್ಬು. ನೋಡೋಕೆ ಬಲು ಸೊಗಸು, ನಾನೂ ಹೋಗಿ ಕೂತು ಬಂದಿದ್ದೇನೆ. ಆದರೆ ನಮ್ಮ ಕಟ್ಟಡದ ಕೆಳಗೂ ಅಂಥದ್ದೊಂದು ಇತ್ತು, ಅದರ ಬೆಂಚುಗಳು ಇದ್ದದ್ದು ಅದೇ ಪ್ರಶಾಂತ ಅಂಗಳದಲ್ಲಿ. ನಾಲ್ಕೂ ಕಡೆ ಗೋಡೆ. ಕೆಳಗೆ ಒಬ್ಬ ನಕ್ಕರೆ ಬಾವಿಯೊಳಗೆ ಕೂಗಿದ ಹಾಗೆ ಮೇಲಕ್ಕೆ ಬರುತ್ತಿತ್ತು. 2023ರ ಜುಲೈಯಿಂದ ಈ ಊರಿನ ಅಂಗಡಿಗಳಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ಮದ್ಯ ಮಾರುವ ಹಾಗಿಲ್ಲ, ಬೆಳಿಗ್ಗೆ ಐದೂವರೆವರೆಗೆ. ಆ ನಿಯಮ ಬಾರುಗಳಿಗೆ ಇಲ್ಲ.

ಸೇಂಟ್ ಮೇರಿ ಚರ್ಚಿನ ಗೋಪುರದಿಂದ ಹಗಲೂ ರಾತ್ರಿ ಗಂಟೆಗೊಮ್ಮೆ ನಾಲ್ಕು ದಿಕ್ಕಿಗೂ ಕಹಳೆ ಊದುತ್ತಾರೆ. ಹೆಯ್ನಾವ್ ಅಂತ ಅದರ ಹೆಸರು, ರಾಗ ನಡುವೆಯೇ ತಟ್ಟನೆ ನಿಲ್ಲುತ್ತದೆ. ಅದರ ಬಗ್ಗೆ ನನ್ನ ದೂರಿಲ್ಲ. ಎಚ್ಚರವಾಗಿರುವ ರಾತ್ರಿಯಲ್ಲಿ ಕೇಳುವಂಥದ್ದೇ ಅದು. ನಮಗೆ ಅದೂ ಸರಿಯಾಗಿ ಕೇಳಲಿಲ್ಲ, ಕೆಳಗಿನ ಹಾಡು ಅಷ್ಟು ಜೋರು. ತಮಾಷೆ ಏನು ಗೊತ್ತಾ? ರೂಮಿನ ಗೋಡೆ ಮೇಲೆ ಒಂದು ನೋಟೀಸು: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅತಿಥಿಗಳು ಸದ್ದು ಮಾಡಿದರೆ ದಂಡ! ವಾಟ್ಸಾಪ್‌ನಲ್ಲಿ ದೂರು ಕೊಟ್ಟೆ. ‘ಐತಿಹಾಸಿಕ ಕೇಂದ್ರದ ಜೀವಂತಿಕೆಯನ್ನು ಆನಂದಿಸಿ’ ಅಂತ ಉತ್ತರ ಬಂತು, ನಗುವ ಮುಖದ ಸಮೇತ. ಇಂಥ ಹೊತ್ತಿನಲ್ಲಿ ನಗರದ ಕಾವಲು ಪಡೆಗೆ 986 ನಂಬರಿಗೆ ಫೋನ್ ಮಾಡಬಹುದು ಅಂತ ಆಮೇಲೆ ಅಲ್ಲಿಯವರೇ ಹೇಳಿದರು.

ಆದರೂ ನನಗೆ ಹೆಚ್ಚು ಉರಿದದ್ದು ಡೆಪಾಸಿಟ್ ವಿಷಯದಲ್ಲಿ. ಅಡುಗೆಮನೆ ಇದೆ ಅಂತಲೇ ನಾವು ಈ ಜಾಗ ಹಿಡಿದದ್ದು. ಅಮ್ಮನಿಗೆ ದಿನಾ ಬ್ರೆಡ್ಡು ಆಗುವುದಿಲ್ಲ. ಅನ್ನ, ಬೇಳೆ ಸಾರು, ಒಂದು ಒಗ್ಗರಣೆ, ಇನ್ನೇನು ಮಾಡಿಯಾರು? ಖಾಲಿ ಮಾಡಿದ ಮೇಲೆ 500ರಲ್ಲಿ 300 ಝ್ವಾಟಿ ಹಿಡಿದುಕೊಂಡರು. ಕಾರಣ: ‘ಗಾಢ ವಾಸನೆ, ವಿಶೇಷ ಶುಚಿ’. ಅವರ ನಿಯಮಗಳ ಪೋಲಿಷ್ ಪಿಡಿಎಫ್‌ನಲ್ಲಿ ಅದಕ್ಕೊಂದು ಸಾಲೂ ಇದೆಯಂತೆ. ಒಲೆ ಮೇಲಿನ ಚಿಮಣಿ ಹೊಗೆಯನ್ನು ಹೊರಗೆ ಹಾಕುತ್ತಲೇ ಇರಲಿಲ್ಲ, ಫಿಲ್ಟರಿನಲ್ಲಿ ಸುತ್ತಿಸಿ ಮತ್ತೆ ರೂಮಿಗೇ ಬಿಡುತ್ತಿತ್ತು. ಹೊರಡುವಾಗ ನಾನು ಮೂಲೆಮೂಲೆಯ ಫೋಟೋ ತೆಗೆದಿದ್ದೆ, ಆದರೆ ವಾಸನೆ ಇರಲಿಲ್ಲ ಅನ್ನೋದಕ್ಕೆ ಯಾವ ಫೋಟೋ ತೋರಿಸುವುದು? ಬುಕಿಂಗ್ ಸೈಟಿನವರು ‘ಮಾಲೀಕರ ಜತೆ ಮಾತಾಡಿಕೊಳ್ಳಿ’ ಅಂದರು. ಮಾಲೀಕರು ಅಂದರೆ ಮತ್ತೆ ಅದೇ ವಾಟ್ಸಾಪ್ ನಂಬರು.

ಪೋಲೆಂಡಿನಲ್ಲಿ ಹೋಟೆಲ್ ಅನ್ನಿಸಿಕೊಳ್ಳಬೇಕಾದರೆ 1997ರ ಒಂದು ಕಾನೂನಿನ ಪ್ರಕಾರ ಸ್ಟಾರ್ ದರ್ಜೆ ಪಡೆದಿರಬೇಕು. ಬಾಡಿಗೆಗೆ ಬಿಡುವ ಅಪಾರ್ಟ್‌ಮೆಂಟುಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಬುಕ್ ಮಾಡುವ ಮೊದಲೇ ಮೆಸೇಜ್ ಹಾಕಿ ಕೇಳಿ: ರಾತ್ರಿ ಹತ್ತಕ್ಕೆ ಬಂದರೆ ಕೀ ಕೊಡಲು ಯಾರಾದರೂ ಇರುತ್ತಾರಾ? ಡೆಪಾಸಿಟ್ ನಗದಾಗಿ ಕೊಡಬಹುದಾ? ಕೆಳಗೆ ಬಾರ್ ಇದೆಯಾ? ಮಸಾಲೆ ಅಡುಗೆ ಮಾಡಬಹುದಾ? ಉತ್ತರ ಬರವಣಿಗೆಯಲ್ಲೇ, ಬುಕಿಂಗ್ ಸೈಟಿನ ಮೆಸೇಜಿನಲ್ಲೇ ಇರಲಿ. ವಿಮಾನ ಹತ್ತುವ ಮುಂಚೆ ನಿಮ್ಮ ನಂಬರಿಗೆ ಹೊರದೇಶದಲ್ಲೂ ಎಸ್ಸೆಮ್ಮೆಸ್ ಬರುತ್ತದಾ ಅಂತ ಕಂಪನಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಹಳೇ ಊರಿನ ಒಳಗೇ ಇರಬೇಕು ಅನ್ನೋ ಹಟವೂ ಬೇಡ. ಪ್ಲಾಂಟಿ ದಾಟಿ ಉತ್ತರಕ್ಕೆ, ಕ್ಲೆಪಾಶ್ ಸಂತೆಯ ಆಸುಪಾಸಿನಲ್ಲಿ ಲಿಫ್ಟೂ ರಿಸೆಪ್ಷನ್ನೂ ಇರುವ ಸಾದಾ ಹೋಟೆಲ್‌ಗಳು ಸಿಗುತ್ತವೆ. ತರಕಾರಿ, ಹಣ್ಣು ಅಲ್ಲೇ ಸಿಗುತ್ತದೆ, ರೈಲು ನಿಲ್ದಾಣವೂ ಹತ್ತಿರ. ಹಳೇ ಊರಿನ ನಡುವಿನ ದೊಡ್ಡ ಚೌಕಕ್ಕೆ ನಿಧಾನವಾಗಿ ನಡೆದರೂ ಕಾಲು ಗಂಟೆ ಸಾಕು.