ಒಂದೇ ಲೆಕ್ಕ, ನಾಲ್ಕು ಭಾಷೆ: ಎಂಟು ನೋಡ್ ಮೇಲೆ ಓಡಿಸಿ ನೋಡಿದ್ದು

ಲೆಕ್ಕ ಸರಳ. ಒಂದು ಲೋಹದ ತಗಡು, ಒಂದು ಅಂಚು ಕಾದಿದೆ, ಉಳಿದ ಮೂರು ತಣ್ಣಗಿವೆ. ಬಿಸಿ ಹೇಗೆ ಹರಡುತ್ತದೆ? ತಗಡನ್ನು ಚೌಕಾಬಾರದ ಹಾಗೆ ಮನೆಗಳಾಗಿ ಭಾಗ ಮಾಡಿ, ಪ್ರತಿ ಮನೆಗೂ ಅದರ ನಾಲ್ಕು ಅಕ್ಕಪಕ್ಕದ ಮನೆಗಳ ಸರಾಸರಿ ಹಾಕುತ್ತಾ ಹೋಗಬೇಕು. ಇದನ್ನೇ ಫೋರ್ಟ್ರಾನ್, ಪೈಥಾನ್, ಜೂಲಿಯಾ, ಚಾಪೆಲ್ ಎಂಬ ನಾಲ್ಕು ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಬರೆದೆ. ನೋಡ್ ಅಂದರೆ ನೆಟ್‌ವರ್ಕ್‌ನಿಂದ ಒಂದಕ್ಕೊಂದು ಜೋಡಿಸಿದ ಕಂಪ್ಯೂಟರ್‌ಗಳಲ್ಲಿ ಒಂದು, ತಗಡನ್ನು ಅಂಥ ಎಂಟಕ್ಕೆ ಹಂಚಿ ಓಡಿಸಬೇಕು. ಓಟದ ವೇಗಕ್ಕಿಂತ ಜಾಸ್ತಿ ನಾನು ನೋಡಿದ್ದು, ಬರೆಯಲು ಕೂತಾಗಿನಿಂದ ಸರಿಯಾದ ಉತ್ತರ ಸಿಗುವವರೆಗೆ ಎಷ್ಟು ಹೊತ್ತು ಹಿಡಿಯಿತು ಅನ್ನೋದನ್ನು.

ಫೋರ್ಟ್ರಾನ್ 1957ರ ಭಾಷೆ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಬರೆಯಲು ಹತ್ತು ನಿಮಿಷ ಸಾಕು. ಕಷ್ಟ ಇರೋದು ನೋಡ್‌ಗಳ ನಡುವೆ ಸಂದೇಶ ಸಾಗಿಸುವ ಎಂಪಿಐ ಎಂಬ ವ್ಯವಸ್ಥೆಯಲ್ಲಿ. ಪ್ರತಿ ನೋಡ್ ತನ್ನ ಅಂಚಿನ ಸಾಲನ್ನು ಪಕ್ಕದ ನೋಡ್‌ಗೆ ಕಳಿಸಬೇಕು, ಅದರದ್ದನ್ನು ಪಡೆಯಬೇಕು. ನಾನು ಎಲ್ಲರೂ ಮೊದಲು ಕಳಿಸಿ, ಆಮೇಲೆ ಪಡೆಯುವ ಹಾಗೆ ಬರೆದಿದ್ದೆ. ಮನೆಗಳ ಜಾಲ, ಅಂದರೆ ಗ್ರಿಡ್, ಚಿಕ್ಕದಿದ್ದಾಗ ಚೆನ್ನಾಗಿ ಓಡಿತು, ದೊಡ್ಡದು ಮಾಡಿದ ಕೂಡಲೇ ಸುಮ್ನೆ ನಿಂತುಬಿಟ್ಟಿತು. ಎರರ್ ಕೂಡ ಇಲ್ಲ. ಸಂದೇಶ ಚಿಕ್ಕದಾದರೆ ಎಂಪಿಐ ಅದನ್ನು ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಇಟ್ಟುಕೊಂಡು ನಮ್ಮನ್ನು ಮುಂದಕ್ಕೆ ಬಿಡುತ್ತದೆ, ದೊಡ್ಡದಾದರೆ ಆ ಕಡೆಯವರು ಪಡೆಯಲು ತಯಾರಾಗುವವರೆಗೆ ಕಾಯಿಸುತ್ತದೆ, ಆ ಕಡೆಯವರೂ ನನ್ನ ಹಾಗೇ ಕಳಿಸುತ್ತಾ ಕಾಯುತ್ತಿದ್ದರು. ಇದು ಹೊಳೆಯಲು ಒಂದು ದಿನ ಹೋಯಿತು. ಕಳಿಸೋದು ಪಡೆಯೋದು ಎರಡನ್ನೂ ಒಟ್ಟಿಗೆ ಮಾಡುವ ಸೆಂಡ್‌ರಿಸೀವ್ ಹಾಕಿದ ಮೇಲೆ ಸರಿಹೋಯಿತು. ಆಮೇಲೆ ನಾಲ್ಕರಲ್ಲಿ ಇದೇ ಎಲ್ಲಕ್ಕಿಂತ ವೇಗವಾಗಿ ಓಡಿತು.

ಪೈಥಾನ್ ಬಗ್ಗೆ ಹೆಚ್ಚು ಹೇಳಲ್ಲ. ಸಂಖ್ಯೆಗಳ ಲೆಕ್ಕಕ್ಕಿರುವ ಅದರ ನಂಪೈ ಲೈಬ್ರರಿಯಲ್ಲಿ ಇಡೀ ಲೆಕ್ಕ ಒಂದೇ ಸಾಲು, ಅರ್ಧ ಗಂಟೆಯಲ್ಲಿ ಚಿತ್ರ ಸಮೇತ ಉತ್ತರ ಬಂತು. ಆದರೆ ಪ್ರತಿ ಕೂಡಿಕೆಗೂ ಅದು ಹೊಸ ತಾತ್ಕಾಲಿಕ ಅರೇ (ಸಂಖ್ಯೆಗಳ ಪಟ್ಟಿ) ಮಾಡುತ್ತದೆ, ಗ್ರಿಡ್ ದೊಡ್ಡದಾದರೆ ಮೆಮೊರಿಯಲ್ಲೇ ಸಮಯ ಹೋಗುತ್ತದೆ. ಕೋಡನ್ನು ವೇಗವಾಗಿ ಓಡುವ ಹಾಗೆ ಯಂತ್ರಭಾಷೆಗೆ ಬದಲಿಸುವ ನಂಬಾ ಹಾಕಿದರೆ ಅದು ಸರಿಹೋಗುತ್ತದೆ. ಎಂಟು ನೋಡ್‌ಗೆ ಹೋಗಬೇಕಾದರೆ ಮತ್ತೆ ಅದೇ ಎಂಪಿಐ.

ಜೂಲಿಯಾ ನನಗೆ ತುಂಬಾ ಇಷ್ಟವಾಯಿತು. ಲೂಪನ್ನು ಲೂಪಾಗಿಯೇ ಬರೆದರೂ ಫೋರ್ಟ್ರಾನ್ ಹತ್ತಿರಕ್ಕೆ ಓಡುತ್ತದೆ. ಒಂದೇ ಎಚ್ಚರಿಕೆ, ಲೆಕ್ಕವನ್ನು ಫಂಕ್ಷನ್ ಒಳಗೆ ಇಡಬೇಕು. ನಾನು ಹೊರಗೆ ಗ್ಲೋಬಲ್ ಆಗಿ ಬಿಟ್ಟಿದ್ದೆ, ತೆವಳುತ್ತಿತ್ತು. ಇದನ್ನು ಆಟದ ಭಾಷೆ ಅನ್ನುವವರು ಸೆಲೆಸ್ಟ್ ನೋಡಬೇಕು: 2017ರಲ್ಲಿ ಆ ಖಗೋಳ ಯೋಜನೆ ಅಮೆರಿಕದ ಕೋರಿ ಸೂಪರ್‌ಕಂಪ್ಯೂಟರಿನಲ್ಲಿ ಜೂಲಿಯಾದಿಂದಲೇ 1.5 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 1,500 ಲಕ್ಷ ಕೋಟಿ ಲೆಕ್ಕದ ವೇಗ ದಾಟಿತು. ಆದರೆ ನೋಡ್‌ಗಳ ನಡುವಿನ ಮಾತುಕತೆಗೆ ನಾನು ಇಲ್ಲೂ ಎಂಪಿಐ ಅನ್ನೇ ಕರೆದೆ.

ಆ ತಾಪತ್ರಯ ಇಲ್ಲದ್ದು ಚಾಪೆಲ್ ಒಂದರಲ್ಲೇ. 2002ರಲ್ಲಿ ಶುರುವಾದ, ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ಯೋಜನೆಯಿಂದ ಮೂರು ಭಾಷೆ ಬಂದವು: ಐಬಿಎಂನ ಎಕ್ಸ್10, ಸನ್‌ನ ಫೋರ್ಟ್ರೆಸ್, ಕ್ರೇಯ ಚಾಪೆಲ್. ಫೋರ್ಟ್ರೆಸ್ 2012ರಲ್ಲಿ ನಿಂತಿತು. ಚಾಪೆಲ್ 2024ರಲ್ಲಿ 2.0 ಆಯಿತು. ಅರೇಯನ್ನು ಎಲ್ಲ ನೋಡ್‌ಗಳಿಗೂ ಹಂಚು ಅಂತ ಒಂದು ಕಡೆ ಹೇಳಿದರೆ ಸಾಕು, ಲೂಪ್ ಲ್ಯಾಪ್‌ಟಾಪಿನದ್ದೇ ಇರುತ್ತದೆ. ನನ್ನ ಫೋರ್ಟ್ರಾನಿನ ಅರ್ಧದಷ್ಟೂ ಸಾಲು ಆಗಲಿಲ್ಲ.

ಆದರೂ ಇಲ್ಲೂ ಪೆಟ್ಟು ತಿಂದೆ. ಹಳೆಯ ಸಂಖ್ಯೆಗಳಿಗೊಂದು, ಹೊಸ ಸಂಖ್ಯೆಗಳಿಗೊಂದು ಅಂತ ಇದ್ದ ಎರಡು ಅರೇಯಲ್ಲಿ ಒಂದನ್ನು ಹಂಚಲು ಮರೆತಿದ್ದೆ. ಅದು ಪೂರ್ತಿ ಮೊದಲ ನೋಡ್‌ನಲ್ಲೇ ಕೂತಿತ್ತು, ಉಳಿದ ಏಳು ನೋಡ್‌ಗಳೂ ಒಂದೊಂದು ಸಂಖ್ಯೆಯನ್ನು ನೆಟ್‌ವರ್ಕ್ ದಾಟಿ ಅಲ್ಲಿಗೇ ಹೋಗಿ ಬರೆಯುತ್ತಿದ್ದವು. ಉತ್ತರ ಸರಿ, ಆದರೆ ಎಂಟು ನೋಡ್ ಸೇರಿ ಒಂದಕ್ಕಿಂತ ನಿಧಾನ! ಕೋಡನ್ನು ಯಂತ್ರಭಾಷೆಗೆ ಬದಲಿಸುವ ಕಂಪೈಲರ್ ತುಟಿ ಬಿಚ್ಚಲಿಲ್ಲ. ಕಾಮ್‌ಡಯಾಗ್ನಾಸ್ಟಿಕ್ಸ್ ಮಾಡ್ಯೂಲ್‌ನಿಂದ ಸಂದೇಶಗಳನ್ನು ಎಣಿಸಿದಾಗಲೇ ಗೊತ್ತಾಗಿದ್ದು. ಎಂಪಿಐನಲ್ಲಿ ಒಂದೊಂದು ಸಂದೇಶವೂ ನನ್ನ ಕೈಯಿಂದಲೇ ಹೋಗುತ್ತಿತ್ತು, ಈ ತಪ್ಪು ಅಲ್ಲಿ ಆಗುತ್ತಿರಲಿಲ್ಲ ಅಲ್ವಾ? ಕಂಪೈಲ್ ಕೂಡ ಬೇಜಾರಾಗುವಷ್ಟು ನಿಧಾನ.

ಒಂದು ನೋಡ್‌ನ ಕೆಲಸಕ್ಕೆ ನಾನು ಜೂಲಿಯಾ ಇಟ್ಟುಕೊಂಡಿದ್ದೇನೆ, ಜಾಸ್ತಿ ನೋಡ್‌ಗೆ ಚಾಪೆಲ್. ಡಬ್ಲ್ಯುಆರ್‌ಎಫ್‌ನಂಥ ಹವಾಮಾನ ಮಾದರಿ ಓಡಿಸುವವರು ಫೋರ್ಟ್ರಾನ್ ಬಿಡಬೇಕಿಲ್ಲ, ಆ ಕೋಡ್ ಬಹುಪಾಲು ಅದರಲ್ಲೇ ಇದೆ. ಕಳೆದ ವಾರ ತಗಡಿನ ಬದಲು ಮೂರು ಆಯಾಮದ ಗಟ್ಟಿ ಲೋಹ ತೆಗೆದುಕೊಂಡೆ. ಚಾಪೆಲ್‌ನಲ್ಲಿ ಮಧ್ಯಾಹ್ನದೊಳಗೆ ಮುಗಿಯಿತು. ಫೋರ್ಟ್ರಾನ್‌ನಲ್ಲಿ ಆರು ಮುಖಗಳ ಅದಲುಬದಲು ಇನ್ನೂ ಬರೆಯುತ್ತಿದ್ದೇನೆ.